ಪಿತ್ತದ ಬಣ್ಣ

ಹಾಲಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತು ತೆಂಗಿನ ನಾರಿನಿಂದ ಅಂಗೈ ಉಜ್ಜಿಕೊಳ್ಳುತ್ತಿದ್ದಳು. ನಾರಿಗೆ ರಕ್ತ ಹತ್ತಿತ್ತು. ಕಾಯಿ ಸುಲಿಯುವ ಕೆಲಸಕ್ಕೆ ಹೊರಟಿದ್ದ ಗಂಡ ಲಿಂಗಣ್ಣ ಅದನ್ನು ಕಂಡು ನಿಂತಲ್ಲೇ ನಿಂತ.

"ಯಾವಾಗಿಂದ ಕಡೀತೈತೆ?"

"ಮೂರು ದಿನ ಆಯ್ತು. ಹೇಳಕ್ಕೇ ಭಯ ಆಯ್ತು ಕಣ್ರೀ."

ಹಿಂದಿನ ಎರಡು ಬಸುರಿನಲ್ಲೂ ಈ ಸಲದಂತೆ ಒಂಬತ್ತನೇ ತಿಂಗಳಲ್ಲೇ ಅಂಗೈ ಅಂಗಾಲು ಕಡಿಯತೊಡಗಿತ್ತು. ಎರಡು ಸಲವೂ ವಾರ ಕಳೆಯುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಇಬ್ಬರೂ ಕಂದಿಕೆರೆಯಿಂದ ಮೊದಲ ಬಸ್ಸು ಹತ್ತಿ ತಿಪಟೂರಿಗೆ ಬಂದರು.

ಡಾಕ್ಟರ್ ಗಿರಿಜಾಂಬಿಕಾ ಬಹಳ ಹೊತ್ತು ಹೊಟ್ಟೆಗೆ ಕಿವಿಗೊಟ್ಟು ಕೇಳಿದರು. "ಮಗು ಚೆನ್ನಾಗಿದೆ. ಆದ್ರೆ ಪಿತ್ತ ರಕ್ತಕ್ಕೆ ಸೇರ್ತಿರಬಹುದು ಅಂತ ನನಗೆ ಅನುಮಾನ. ಹಾಗಿದ್ರೆ ಒಂದು ದಿನಾನೂ ಕಾಯೋ ಹಾಗಿಲ್ಲ, ಹೆರಿಗೆ ಮಾಡಿಸಿಬಿಡಬೇಕು. ಅಲ್ಲದಿದ್ರೆ ಎಳೇ ಕೂಸನ್ನ ಸುಮ್ಮನೆ ಯಾಕೆ ಹೊರಗೆ ತರೋದು? ಬೆಂಗಳೂರಲ್ಲಿ ನನಗೆ ಗೊತ್ತಿರೋ ಲ್ಯಾಬಿದೆ. ಇವಳು ಇಲ್ಲೇ ಇರ್ಲಿ, ನೀನು ರಕ್ತ ತಗೊಂಡು ಈಗ್ಲೇ ಹೊರಡು."

ರಕ್ತದ ಸೀಸೆಯಿಟ್ಟು ಐಸ್ ತುಂಬಿದ ಥರ್ಮಾಸನ್ನು ದಾರಿಯುದ್ದಕ್ಕೂ ಲಿಂಗಣ್ಣ ಮಡಿಲಿಂದ ಕೆಳಗಿಡಲಿಲ್ಲ. ಮಧ್ಯಾಹ್ನ ಬೆಂಗಳೂರಿನಲ್ಲಿ ಅದನ್ನು ಇಳಿಸಿಕೊಂಡ ಲ್ಯಾಬಿನ ಮರುಳಪ್ಪ ತುರುವೇಕೆರೆಯವನು. ಮಾತು ಕೇಳಿಯೇ ಊರಕಡೆಯವನೆಂದು ಗುರುತಿಸಿ, ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಆಮೇಲೆ ಫ್ರಿಜ್ಜಿನಿಂದ ಹೆಬ್ಬೆರಳಷ್ಟು ಸೀಸೆಯೊಂದನ್ನು ತೆಗೆದ.

"ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾದಿಂದ ತೆಗೆದು ಶುದ್ಧ ಮಾಡಿರೋ ಕಿಣ್ವ ಕಣಪ್ಪ. ರಕ್ತದಲ್ಲಿ ಪಿತ್ತದ ಆಮ್ಲ ಇದ್ರೆ ಹುಡುಕಿ ಹಿಡಿಯುತ್ತೆ. ಜಾಸ್ತಿ ಇದ್ದಷ್ಟೂ ಕೆಂಪಗಾಗುತ್ತೆ. ಒಂದೇ ಪರೀಕ್ಷೆಗೆ ಆಗೋಷ್ಟು ಉಳಿದೈತೆ. ಮುಂದಿನದು ಹೊರದೇಶದಿಂದ ಬರಬೇಕು."

"ಬ್ಯಾಕ್ಟೀರಿಯಾ ಅಂದ್ರೆ ರೋಗದ ಹುಳ ಅಲ್ವಾ ಸಾಮಿ? ಅದನ್ನ ಅವಳಿಗೆ ಹಾಕ್ತೀರಾ?"

"ಅವಳಿಗಲ್ಲಪ್ಪ, ಈ ಗಾಜಿನ ನಳಿಗೆಗೆ."

ಎರಡು ನಳಿಗೆಗಳು. ಒಂದರಲ್ಲಿ ಹೋಲಿಸಿ ನೋಡಲೆಂದು ಮರುಳಪ್ಪನದೇ ರಕ್ತದ ತಿಳಿ, ಇನ್ನೊಂದರಲ್ಲಿ ಹಾಲಮ್ಮನದು. ಎರಡಕ್ಕೂ ಅವನು ಉಸಿರು ಬಿಗಿಹಿಡಿದು ಹನಿ ಹನಿಯಾಗಿ ಕಿಣ್ವ ಬಿಟ್ಟ. ಲಿಂಗಣ್ಣನಿಗೆ ಯಾವುದಕ್ಕೆ ಕೈ ಮುಗಿಯಬೇಕೋ ತಿಳಿಯಲಿಲ್ಲ. ಕೆಂಪಾದರೆ ಮಗುವಿಗೆ ಅಪಾಯ. ಆಗದಿದ್ದರೆ ಹೋದೆರಡು ಸಲದ ಹಾಗೆ ಏನೂ ತಿಳಿಯದೆ ಕಾಯಬೇಕು.

ಮರುಳಪ್ಪನ ನಳಿಗೆ ತಿಳಿಯಾಗೇ ಉಳಿಯಿತು. ಇನ್ನೊಂದಕ್ಕೆ ಗುಲಾಬಿ ಬಂತು. ನೋಡನೋಡುತ್ತಲೇ ಅದು ದಾಸವಾಳದಷ್ಟು ಕೆಂಪಾಯಿತು.

"ಸಾಕು ನಿಲ್ಸಿ ಸಾಮಿ!" ಎಂದ ಲಿಂಗಣ್ಣ.

"ನಿಲ್ಲಿಸೋದು ನನ್ನ ಕೈಲಿಲ್ಲ ಕಣಪ್ಪ." ಮರುಳಪ್ಪ ನಳಿಗೆಯನ್ನು ಯಂತ್ರಕ್ಕಿಟ್ಟು ಅಂಕಿ ಬರೆದುಕೊಂಡು, ತಿಪಟೂರಿನ ಡಾಕ್ಟರಿಗೆ ಟ್ರಂಕ್ ಕಾಲ್ ಹಾಕಲು ಓಡಿದ. ಲೈನು ಸಿಗಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಲಿಂಗಣ್ಣ ಫೋನಿನ ಪಕ್ಕದಿಂದ ಕದಲಲಿಲ್ಲ.

ಅವನು ತಿಪಟೂರಿಗೆ ಮರಳಿದಾಗ ಹಾಲಮ್ಮನ ಕೈಗೆ ಹೆರಿಗೆ ನೋವು ಬರಿಸುವ ಡ್ರಿಪ್ ಹಾಕಿ ಆಗಿತ್ತು. ಮರುದಿನ ಬೆಳಿಗ್ಗೆ ಅವಳನ್ನು ಹೆರಿಗೆ ಕೋಣೆಗೆ ಕರೆದೊಯ್ದರು. ಆಸ್ಪತ್ರೆಯಲ್ಲಿ ಆಗ ಬೇರೆ ಬಾಣಂತಿಯರಾಗಲಿ ಕೂಸುಗಳಾಗಲಿ ಇರಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂರಲಾರದೆ ಲಿಂಗಣ್ಣ ಗೋಡೆಗೆ ಹಣೆ ಒತ್ತಿ ನಿಂತ. ನರಳಾಟ ನಿಂತಿತು. ಯಾರೋ ದಡದಡ ಓಡಾಡಿದ ಸದ್ದು. ಮತ್ತೆ ಏನೂ ಇಲ್ಲ. ಡಾಕ್ಟರು ತಲೆ ತಗ್ಗಿಸಿ ಹೊರಬರುವುದನ್ನು ನೋಡಲಾರೆನೆಂದು ಅವನು ಕಣ್ಣು ಮುಚ್ಚಿಕೊಂಡ.

ಕಿರುಚಿದಂತೆ ಒಂದು ಅಳು ಕೇಳಿತು. ಅದರ ಹಿಂದೆಯೇ, ಬಾಗಿಲಾಚೆಯಿಂದ ಹಾಲಮ್ಮನ ಗಾಬರಿಯ ದನಿ:

"ಅಮ್ಮಾವ್ರೇ, ಅದ್ಯಾರ್ ಮಗು ಅಳ್ತಿರೋದು?"