ಶಾವಂತ್ರವ್ವನ ಎಡ ಮೊಣಕಾಲು

ಮೇಯರ್‌ಗಿರಿಯ ಬೆಳ್ಳಿ ಸರ ಕೊರಳಿಗೆ ಬಿದ್ದ ದಿನದಿಂದ ಊರಿನ ನೋವೆಲ್ಲ ಮೇಯರ್ ಆದವರ ಮೈಗೆ ಬರುತ್ತಿತ್ತು. ನೀರಿನ ಪೈಪು ಒಡೆದರೆ ಮೂಗು ಸೋರುತ್ತಿತ್ತು, ಬೀದಿದೀಪ ಕೆಟ್ಟರೆ ಕಣ್ಣು ಮಂಜಾಗುತ್ತಿತ್ತು. ಐದು ವರ್ಷ ಇದನ್ನೆಲ್ಲ ಹೊತ್ತ ಶಾವಂತ್ರವ್ವನ ಅವಧಿ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಬೇಕಿತ್ತು. ಅಷ್ಟರೊಳಗೆ ಹೊಸ ಮೇಯರ್ ಫಕ್ಕೀರಪ್ಪ ಬಂದು ಸರ ಹಾಕಿಕೊಳ್ಳದಿದ್ದರೆ ಇನ್ನೂ ಐದು ವರ್ಷ ಅವಳ ಪಾಲಿಗೇ.

ಹನ್ನೊಂದೂವರೆಯಾದರೂ ಆಸಾಮಿಯ ಸುಳಿವಿಲ್ಲ.

“ಹೆದರಿ ಓಡಿಹೋಗ್ಯಾನ್ರೀ ಅಕ್ಕಾರ,” ಎಂದ ಜವಾನ ಮೌಲಾಸಾಬ.

ಅಷ್ಟರಲ್ಲಿ ಅವಳ ಎಡ ಮೊಣಕಾಲು ಚಳಕ್ಕೆಂದಿತು. ಅದು ಸಂತೆಪೇಟೆ ರಸ್ತೆಯ ಗುಂಡಿ. ಅದನ್ನು ಮುಚ್ಚಿಸುವ ಬದಲು ಎರಡು ವರ್ಷ ಮುಲಾಮು ತಿಕ್ಕಿಕೊಂಡೇ ಕಾಲ ಕಳೆದಿದ್ದಳು.

“ಓಡಿಲ್ಲೋ, ಗುಂಡ್ಯಾಗ ಸಿಕ್ಕೊಂಡಾನ. ಪ್ರಚಾರಕ್ಕಂತ ತಿಂಗಳಗಟ್ಲೆ ನನ್ನ ಮೈಮ್ಯಾಲೆ ಓಡ್ಯಾಡಿದ ಅವನ ಜೀಪು, ಅದರ ಭಾರ ನನಗ ಗೊತ್ತಿಲ್ಲೇನು? ನಾಕು ಮಂದಿ ಕರಕೊಂಡು ಹೋಗಿ ಎತ್ತಸು.”

ಸ್ವಲ್ಪ ಹೊತ್ತಿಗೆ ಮೊಣಕಾಲು ಹಗುರಾಯಿತು. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಫಕ್ಕೀರಪ್ಪ ಕೆಸರು ಮೆತ್ತಿಕೊಂಡು ಬಂದ. “ಎಂಥಾ ರಸ್ತಾ ಇಟ್ಟೀಯವ್ವಾ,” ಎಂದು ಬೈಯುತ್ತಲೇ ತಲೆ ಬಗ್ಗಿಸಿದ. ಸರ ಬಿದ್ದದ್ದೇ ತಡ, ಮಾತು ನಿಲ್ಲಿಸಿ ಎಡ ಮೊಣಕಾಲು ಹಿಡಿದುಕೊಂಡ.

ಶಾವಂತ್ರವ್ವ ಮೆಟ್ಟಿಲಿಳಿದು ಬೀದಿಗೆ ಬಂದಳು. ತಿರುವಿನಲ್ಲಿ ಗಟಾರು ಉಕ್ಕಿ ಹರಿಯುತ್ತಿತ್ತು. ಅವಳಿಗೆ ಎಲ್ಲೂ ಏನೂ ನೋಯಲಿಲ್ಲ. ಎಲ್ಲರ ಹಾಗೆ ಸೆರಗಿನಿಂದ ಮೂಗು ಮುಚ್ಚಿ, ಸೀರೆ ಎತ್ತಿ ಹಿಡಿದು, ಬಾಯಿತುಂಬ ಮೇಯರನ್ನು ಬೈಯುತ್ತಾ ದಾಟಿದಳು.