ಕಂಪ್ಯೂಟರ್ ಗೆಲ್ಲಿಸಿದ ಅಭ್ಯರ್ಥಿ

"ಬೆರಳು ತೋರಸಲೇ!"

ಪ್ರೆಸ್ಸಿನಲ್ಲಿ ಪೇಪರ್ ಕಟ್ಟು ಕಟ್ಟುವ ತಾಯಣ್ಣ ಎಡಗೈ ಚಾಚಿದ. ತೋರುಬೆರಳಿನ ಮೇಲೆ ಓಟು ಹಾಕಿದ ಗುರುತಿರಲಿಲ್ಲ. ಸಂಪಾದಕ ಹನುಮಂತ್ರಾಯರು ಆ ಕೈಯನ್ನು ಝಾಡಿಸಿ ಬಿಟ್ಟರು.

"ನನ್ನ ಅನ್ನ ತಿಂದು ನನಗೇ ದ್ರೋಹ!"

"ನೀವು ಗೆದ್ದಾಯ್ತು ಅಂತ ಕಂಪ್ಯೂಟರ್ ಹೇಳ್ಯಾದಂತಲ್ರೀ ಸಾಹೇಬ್ರ. ನಮ್ಮ ಪೇಪರ್‌ನ್ಯಾಗ ಬಂದಿತ್ತು. ಮತ್ತ ನಾನ್ಯಾಕ ಬಿಸಿಲಾಗ ಪಾಳಿ ನಿಲ್ಲಲಿ?"

ನಗರಸಭೆ ಚುನಾವಣೆಯಲ್ಲಿ ಹನುಮಂತ್ರಾಯರು ಒಂದೇ ಒಂದು ಓಟಿನಿಂದ ಸೋತಿದ್ದರು. ಸಮವಾಗಿದ್ದರೆ ಚೀಟಿಯಾದರೂ ಎತ್ತುತ್ತಿದ್ದರು. ಅದೂ ಯಾರ ಎದುರು? ಹೆಬ್ಬೆಟ್ಟು ಒತ್ತುವ ಗಡಿಗೆಪ್ಪನ ಎದುರು!

ಕಂಪ್ಯೂಟರ್ ಎಂದರೆ ರಾಯಚೂರು ಬಾಯಿ ಬಿಟ್ಟು ನೋಡುತ್ತಿದ್ದ ಕಾಲ ಅದು, ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಸುಮಾರು. ಅಂಥದೊಂದನ್ನು ತಮ್ಮ ಪತ್ರಿಕೆಗೆ ತರಿಸಿದ ದಿನದಿಂದ ರಾಯರ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅಚ್ಚಿನ ಮೊಳೆ ಜೋಡಿಸುವವರನ್ನು ಕಂಡರೆ ಮೂಗು ಮುರಿಯುವರು. "ನೋಡ್ರಿ, ಬೆರಳಿಗೆ ಒಂದು ಹನಿ ಮಸಿ ಇಲ್ಲ" ಎಂದು ಬಂದವರಿಗೆಲ್ಲ ಕೈ ತೋರಿಸುವರು.

ಚುನಾವಣೆಗೆ ಮುಂಚೆಯೇ ತಮ್ಮ ಗೆಲುವನ್ನು ತಾವೇ ಟೈಪ್ ಮಾಡಿ, ಮೇಲೆ "ಕಂಪ್ಯೂಟರ್ ಭವಿಷ್ಯ" ಎಂದು ಹಾಕಿಕೊಂಡರು. ದೇವದುರ್ಗ, ಮಾನ್ವಿಯವರೆಗೂ ಜನ ನಂಬಿದರು. "ಕುರಿಗಳು!" ಎಂದು ರಾಯರು ಹೊಟ್ಟೆ ಹಿಡಿದು ನಕ್ಕರು. ಓಟಿನ ದಿನ ಬೆಳಗಿನಿಂದ ಕತ್ತಲಾಗುವವರೆಗೆ ಆ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ವಿಜಯದ ಮುಖಪುಟ ಸಿದ್ಧವಾಗಬೇಕಲ್ಲ!

ಈಗ ಆ ಕುರಿಗಳನ್ನೇ ಬೀದಿಯಲ್ಲಿ ಹಿಡಿದು ಹಿಡಿದು ಬೆರಳು ನೋಡುತ್ತಿದ್ದರು. ಚಹಾದಂಗಡಿಯ ಶಾಮೀದಸಾಬನ ಬೆರಳೂ ಖಾಲಿ.

"ಮಷೀನೇ ಗೆಲ್ಸ್ಯಾದ ಅಂದಮ್ಯಾಲ ನಮ್ದೇನ್ ಕೆಲ್ಸ ಅದ ರೀ?"

ರಾಯರು ಹಲ್ಲು ಕಡಿಯುತ್ತ ಮನೆಗೆ ಬಂದರು. ಹೆಂಡತಿ ಅಮರಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ಮೆತ್ತಿದ ಅವಳ ಕೈಯನ್ನು ಎಳೆದರು.

"ತೋರಸ ಬೇ! ಕಡಿಮಿ ಬಿದ್ದ ಆ ಒಂದು ಓಟು ನಿಂದಾ!"

ಅಮರಮ್ಮ ಸೆರಗಿನಿಂದ ಹಿಟ್ಟು ಒರೆಸಿಕೊಂಡಳು. ಉಗುರಿನ ಬುಡದಲ್ಲಿ ಕಪ್ಪು ಗೆರೆ ಎದ್ದು ಕಾಣುತ್ತಿತ್ತು.

"ನಾನು ನಿಮ್ಮ ಪೇಪರ್ ಓದಂಗಿಲ್ರಿ, ಅದಕ್ಕ ಹೋಗಿ ಹಾಕಿ ಬಂದೆ" ಎಂದಳು. "ಈಗ ನಿಮ್ಮ ಬೆರಳು ತೋರಸ್ರಿ."

ಹನುಮಂತ್ರಾಯರ ಬೆರಳಿಗೆ ಒಂದು ಹನಿ ಮಸಿ ಇರಲಿಲ್ಲ.