ಕೊಟ್ಟವರ ಗೌಪ್ಯತೆ

ಕಾರ್ಖಾನೆಯ ಹೊಗೆ ಕುಡಿದು ಮಗಳು ಕೆಮ್ಮತೊಡಗಿ ವರ್ಷವಾಗಿತ್ತು. ಆ ಕಾರ್ಖಾನೆಗೆ ಅನುಮತಿ ಕೊಡಿಸಿದ ಪಕ್ಷಕ್ಕೆ ಚುನಾವಣೆಯಲ್ಲಿ ದೇಣಿಗೆ ಕೊಟ್ಟವರು ಯಾರು, ಹೆಸರು ಹೇಳಿ ಎಂದು ರುದ್ರವ್ವ ಕೋರ್ಟಿನ ಮೆಟ್ಟಿಲು ಹತ್ತಿದ್ದಳು.

ಇವತ್ತು ತೀರ್ಪು ಬಂತು. ಕೊಟ್ಟವರ ಹೆಸರು ಹೊರಗೆ ಬಂದರೆ ಯಾರಾದರೂ ಅವರಿಗೆ ಕಾಟ ಕೊಟ್ಟಾರು, ಆದ್ದರಿಂದ ಹೇಳಬೇಕಾಗಿಲ್ಲ. ಅರ್ಜಿ ವಜಾ.

“ಅವರಿಗೆ ಕಾಟ ಕೊಡಾಕಿ ಯಾರ್ರೀ, ನಾನಾ?” ರುದ್ರವ್ವ ತನ್ನ ವಕೀಲರ ಮೇಲೆಯೇ ಹರಿಹಾಯ್ದಳು. “ನನ್ನ ಮಗಳ ಎದಿ ಗೊರಗೊರ ಅಂತೈತಿ. ಕೋಟಿ ಕೊಟ್ಟೋರಿಗೆ ಅಂಜಿಕಿ ಅಂತ, ಅಂಜಿಕಿ!”

“ಸಾವಕಾಶ ಮಾತಾಡ್ರಿ ಅಮ್ಮಾರ,” ಎಂದು ವಕೀಲರು ತೀರ್ಪಿನ ಪ್ರತಿಯನ್ನು ಅವಳ ಕೈಗಿತ್ತು ನಡೆದರು.

ಗೇಟಿನ ಬಳಿ ಗುರುತಿಲ್ಲದ ಬಿಳಿ ಅಂಗಿಯವನೊಬ್ಬ ಜೀಪಿಗೆ ಒರಗಿ ನಿಂತಿದ್ದ.

“ಅಕ್ಕಾರ, ನಿಮ್ಮ ಮನಿ ಗರಡಿಮನಿ ಹಿಂದಿನ ಓಣ್ಯಾಗ ಅಲ್ಲೇನ್ರಿ? ಈಗ ಮಗಳು ಒಬ್ಬಾಕಿನ ಇರ್ತಾಳೇನು?”

ಅವಳ ಮೈ ಉರಿದುಹೋಯಿತು. “ಯಾವನೋ ನೀನು? ನಮ್ಮ ಮನಿ ನಿನಗ ಯಾರು ಹೇಳಿದ್ರು?”

“ಯಾರು ಹೇಳಬೇಕ್ರಿ?” ಅವನು ನಗುತ್ತ ಅವಳ ಕೈಯಲ್ಲಿದ್ದ ತೀರ್ಪಿನತ್ತ ಬೆರಳು ಮಾಡಿದ. “ಅರ್ಜಿ ಹಾಕಿದವರ ಹೆಸರು, ಓಣಿ, ಮನಿ ನಂಬರು, ಎಲ್ಲಾ ಮೊದಲನೇ ಪುಟದಾಗ ಐತಲ್ರಿ.”